ಅಪ್ಪನ ಮಂಚದ ಬಳಿಯ ಬ್ಯಾಟರಿ

"ಯಾವ ಟ್ರೆಕ್ಕಿಗೆ ಬೇಕ್ರೀ ಮೇಡಂ? ಒಂದ ದಿನದ್ದೋ, ಡೇರೆ ಹಾಕಿ ಉಳಿಯೂದೋ?"

ವಿಕ್ರೋಳಿ ಸ್ಟೇಷನ್ನಿನ ಹತ್ತಿರದ ಆ ಚಿಕ್ಕ ಅಂಗಡಿಯಲ್ಲಿ ಸಂತು ಕೇಳಿದ್ದು ಇಷ್ಟೇ. ಅಂಗಡಿಗೆ ಬಂದವರನ್ನೆಲ್ಲ ಅವನು ಕೇಳುವ ಮಾತದು. ಆದರೆ ದೊಡ್ಡ ಬ್ಯಾಟರಿ ಬಾಡಿಗೆಗೆ ಬೇಕೆಂದು ಬಂದಿದ್ದ ಯಕ್ಷಿತಾಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆ ಮತ್ತು ಮಾರ್ಕೆಟ್ಟು ಬಿಟ್ಟರೆ ಬೇರೆ ದಾರಿಯನ್ನೇ ಮರೆತವಳ ಹತ್ತಿರ ಟ್ರೆಕ್ಕಿನ ಮಾತೇ?

"ನನ್ನ ಟ್ರೆಕ್ಕು ಅಡುಗೆಮನೆಯಿಂದ ಅಪ್ಪನ ಮಂಚದ ತನಕ. ಅದಕ್ಕೆ ಆಗುವಂಥದ್ದು ಉಂಟಾ ನಿಮ್ಮಲ್ಲಿ?"

ಅವನು ನಗಲಿಲ್ಲ. ಸ್ಟೂಲು ಎಳೆದು ಕೂರಿಸಿದ, ಕುಡಿಯಲು ನೀರು ಕೊಟ್ಟ, ಆಮೇಲೆ ವಿಷಯವೇನೆಂದು ಕೇಳಿದ. ಅಷ್ಟು ಮೆತ್ತಗೆ ಅವಳನ್ನು ಯಾರಾದರೂ ಮಾತನಾಡಿಸಿ ಎಷ್ಟು ಕಾಲವಾಗಿತ್ತೋ...

ವಿಷಯ ದೊಡ್ಡದೇ ಇತ್ತು. ಅವಳ ಅಪ್ಪ ಚೆನ್ನಯ ಮುಲುಂಡಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ಸಂಸಾರ ಸಾಕಿದವರು. ಈಗ ಶ್ವಾಸಕೋಶ ಕೈಕೊಟ್ಟಿತ್ತು. ಮನೆಯಲ್ಲೇ ಆಕ್ಸಿಜನ್ ಮಷಿನ್ನು, ಮೂಗಿಗೆ ನಳಿಗೆ. ಹಳೆಯ ಬಿಲ್ಡಿಂಗು, ಆಗಾಗ ಕರೆಂಟು ಹೋಗುತ್ತಿತ್ತು. ಮಷಿನ್ನು ಕೂಗಿಕೊಂಡು ನಿಂತಾಗಲೆಲ್ಲ ಯಕ್ಷಿತಾಳ ಜೀವವೇ ಬಾಯಿಗೆ ಬರುತ್ತಿತ್ತು. ನೌಕರಿ ಬಿಟ್ಟು, ಊರಿನವರ ಹೋಟೆಲುಗಳ ಲೆಕ್ಕ ಬರೆಯುತ್ತ ಅವಳು ಮನೆಯಲ್ಲೇ ಉಳಿದಿದ್ದಳು.

ವಿಜಾಪುರ ಕಡೆಯ ಮನೆತನದ ಸಂತು ವಿಕ್ರೋಳಿಯಲ್ಲೇ ಹುಟ್ಟಿ ಬೆಳೆದವನು. ಗೆಳೆಯ ಶ್ರೀಶೈಲನ ಜೊತೆ ಸೇರಿ ಬೆಟ್ಟ ಹತ್ತುವವರಿಗೆ ಡೇರೆ, ಲಾಂದ್ರ ಮತ್ತು ದೊಡ್ಡ ಬ್ಯಾಟರಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಪವರ್ ಸ್ಟೇಷನ್ ಎಂದು ಅವುಗಳ ಹೆಸರು. ನೋಡಲು ಹಿಡಿಕೆಯಿರುವ ಒಂದು ಪೆಟ್ಟಿಗೆ, ಮೈಯಲ್ಲಿ ಪ್ಲಗ್ಗಿನ ತೂತುಗಳು. ಬೆಟ್ಟದ ಮೇಲೆ ಚಹಾ ಕಾಯಿಸುವ ಪೆಟ್ಟಿಗೆಯೇ ಮನೆಯ ಮಷಿನ್ನನ್ನೂ ಎರಡು ಮೂರು ತಾಸು ನಡೆಸುತ್ತದೆ ಎಂದು ಅವನು ಧೈರ್ಯ ಹೇಳಿದ.

ಮರುದಿನ ತಾನೇ ಹೊತ್ತು ತಂದು ಮಂಚದ ಪಕ್ಕದಲ್ಲಿಟ್ಟ. ಗೋಡೆಯ ತಗ್ಗಿನಲ್ಲಿದ್ದ ಸ್ವಿಚ್ಚು ಬೋರ್ಡಿನಿಂದ ಬ್ಯಾಟರಿಗೆ ಒಂದು ವೈರು, ಬ್ಯಾಟರಿಯಿಂದ ಮಷಿನ್ನಿಗೆ ಇನ್ನೊಂದು. ಗೋಡೆಯ ಸ್ವಿಚ್ಚು ಸದಾ ಆನ್ ಇರಬೇಕು, ಆಗ ಬ್ಯಾಟರಿ ತುಂಬಿಕೊಂಡೇ ಇರುತ್ತದೆ, ಕರೆಂಟು ಹೋದ ಕೂಡಲೇ ಮಷಿನ್ನನ್ನು ತಾನೇ ನಡೆಸುತ್ತದೆ ಎಂದು ಎಲ್ಲರಿಗೂ ಬಿಡಿಸಿ ಹೇಳಿದ.

ಆಮೇಲೆ ಬ್ಯಾಟರಿ ನೋಡುವ ನೆಪದಲ್ಲಿ ಅವನು ಬರುವುದು ಹೆಚ್ಚಾಯಿತು. ಅಷ್ಟು ಸಲ ನೋಡುವಂಥದ್ದು ಅದರಲ್ಲೇನೂ ಇರಲಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅವಳ "ಎಂಥ"ವನ್ನು ಅವನು ಅಣಕಿಸುತ್ತಿದ್ದ, ಅವನ "ಐತಿ"ಯನ್ನು ಅವಳು. ಮಂಚದಲ್ಲಿ ಚೆನ್ನಯ ನಳಿಗೆಯೊಳಗೇ ನಗುತ್ತಿದ್ದರು. ಸಂತು ಬರದ ದಿನ ಯಕ್ಷಿತಾಳಿಗೆ ಸಂಜೆ ಯಾಕೋ ಉದ್ದ ಎನಿಸುತ್ತಿತ್ತು.

ಒಂದು ದಿನ ಅವನು ಕೇಳಿಯೇಬಿಟ್ಟ. ಭಾನುವಾರ ಒಂದು ಗುಂಪನ್ನು ಬೊರಿವಲಿಯ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ನೀವೂ ಬನ್ನಿ ಎಂದ. ಯಕ್ಷಿತಾ ಕೂಡಲೇ ಬೇಡ ಎಂದು ತಲೆಯಾಡಿಸಿದಳು. "ಹೋಗಿ ಬಾ ಮಗಾ, ಪೆಟ್ಟಿಗೆ ಉಂಟಲ್ಲ," ಎಂದರು ಚೆನ್ನಯ. ಅಮ್ಮ ರಾಜೀವಿಯೂ ಹೂಂ ಎಂದರು.

ಆ ಭಾನುವಾರ ಬೆಳಕು ಹರಿಯುವ ಮೊದಲೇ ಅವಳು ಎದ್ದಳು. ಸದ್ದಾಗದಂತೆ ಉಡುಪು ಹಾಕಿಕೊಂಡು, ದೂರ ಹೊರಡುವಾಗ ಯಾವಾಗಲೂ ಮಾಡುವಂತೆ ಗ್ಯಾಸು ನೋಡಿ, ಅಪ್ಪನ ಕೋಣೆಯ ಮಬ್ಬು ದೀಪ ಆರಿಸಿ ಹೊರಬಂದಳು. ಎದೆಯಲ್ಲಿ ಶಾಲೆಯ ಪಿಕ್ನಿಕ್ಕಿಗೆ ಹೊರಟ ಹುಡುಗಿಯ ಸಡಗರವಿತ್ತು.

ಕಾಡಿನಲ್ಲಿ ಬಿದಿರಿನ ಮೆಳೆಯ ಪಕ್ಕ ಸಂತು ಚಾಪೆ ಹಾಸಿದ, ಬ್ಯಾಟರಿಗೆ ಕೆಟಲ್ಲು ಸಿಕ್ಕಿಸಿದ. ಬಿಸಿ ಚಹಾದ ಲೋಟವನ್ನು ಅವಳ ಕೈಗಿತ್ತು, ನಿಮ್ಮ ಮುಖ ಬಯಲಿನಲ್ಲಿ ಬೇರೆಯೇ ಕಾಣುತ್ತದೆ ಎಂದ. ಯಕ್ಷಿತಾ ನಾಚಿ ಮರಗಳ ಕಡೆ ನೋಡಿದಳು. ಹೀಗೂ ಬದುಕಬಹುದು, ಅಲ್ಲವೇ...

ಅಷ್ಟರಲ್ಲಿ ಫೋನು ಬಂತು. ಅಮ್ಮ ಒಂದೇ ಉಸಿರಿಗೆ ಹೇಳಿದರು. ಕರೆಂಟು ಹೋಯಿತು, ಹೋದ ಕ್ಷಣವೇ ಮಷಿನ್ನೂ ನಿಂತುಬಿಟ್ಟಿತು, ಬ್ಯಾಟರಿ ಒಂದು ನಿಮಿಷವೂ ನಡೆಯಲಿಲ್ಲ. ಪಕ್ಕದ ಮನೆಯ ಶೀಲಾವತಿಯವರು ಜನ ಸೇರಿಸಿ ಅಪ್ಪನನ್ನು ನರ್ಸಿಂಗ್ ಹೋಮಿಗೆ ಸಾಗಿಸುತ್ತಿದ್ದರು.

ಸಂತುವಿನ ಜೊತೆ ಅವಳು ಅಲ್ಲಿಗೆ ಮುಟ್ಟುವಾಗ ಚೆನ್ನಯ ಸುಧಾರಿಸಿಕೊಂಡಿದ್ದರು. ಆದರೂ ತುಟಿಯ ನೀಲಿ ಪೂರ್ತಿ ಇಳಿದಿರಲಿಲ್ಲ. ಯಕ್ಷಿತಾ ಅಪ್ಪನ ಕೈ ಹಿಡಿದು ಕೂತಳು. ಸಂತು ರಾಜೀವಿಯವರಿಂದ ಬೀಗದ ಕೈ ಇಸಿದುಕೊಂಡು ಬ್ಯಾಟರಿ ನೋಡಲು ಮನೆಗೆ ಹೋದ. ತಿರುಗಿ ಬಂದಾಗ ಅವನ ಮುಖ ಬಾಡಿತ್ತು. ಬಾಗಿಲಲ್ಲೇ ನಿಂತು, ಅಪ್ಪನ ಕೈ ಹಿಡಿದು ಕೂತಿದ್ದ ಅವಳನ್ನು ನೋಡಿದ.

"ಬ್ಯಾಟರಿ ಕೆಟ್ಟಿತ್ರೀ," ಎಂದ. "ತಪ್ಪು ನಂದೇ."

"ನಿಮ್ಮ ಮಾತು ನಂಬಿ ಅಪ್ಪನನ್ನು ಬಿಟ್ಟು ಹೋದೆ ನಾನು. ಇನ್ನು ನನಗೆ ಮುಖ ತೋರಿಸ್ಬೇಡಿ."

ಅವನು ಮೆಟ್ಟಿಲಿಳಿದು ಹೋದ.

ಅಪ್ಪ ಮನೆಗೆ ಬಂದ ದಿನ ಬೇರೆ ಬ್ಯಾಟರಿ ತಂದಿಟ್ಟವನು ಶ್ರೀಶೈಲ. ವೈರು ಸಿಕ್ಕಿಸಿ, ಸ್ವಿಚ್ಚು ಬೋರ್ಡಿನ ಹತ್ತಿರ ಏನೋ ಮಾಡಿ ಹೋದ. ಯಕ್ಷಿತಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಪ್ಪನೋ ನಾನೋ ಎಂದು ಬಂದರೆ ಅಪ್ಪನೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೂ ಬಾಗಿಲ ಬೆಲ್ಲು ಆದಾಗಲೆಲ್ಲ ಕಿವಿ ನಿಮಿರುತ್ತಿತ್ತು. ಹಾಳು ಕಿವಿ!

ಮಳೆಗಾಲ ಕಳೆಯಿತು. ಅಪ್ಪನ ರಿಪೋರ್ಟುಗಳನ್ನು ಸಾಯನ್ನಿನ ದೊಡ್ಡ ಡಾಕ್ಟರಿಗೆ ತೋರಿಸಬೇಕಿತ್ತು. ಆ ಭಾನುವಾರದ ನಂತರ ಅವಳು ದೂರ ಹೊರಟದ್ದು ಅದೇ ಮೊದಲು. ಅಪ್ಪನ ಕೋಣೆಗೆ ಬಂದು, ಬ್ಯಾಗನ್ನು ಹೆಗಲಿಗೇರಿಸುತ್ತ ಮನಸ್ಸಿನಲ್ಲೇ ಲೋಕಲ್ ರೈಲಿನ ಸಮಯ ಲೆಕ್ಕ ಹಾಕುತ್ತಿದ್ದಳು. ಕೈ ತನ್ನಷ್ಟಕ್ಕೆ ಸ್ವಿಚ್ಚು ಬೋರ್ಡಿನ ಮೇಲೆ ಓಡಿತು. ಮಬ್ಬು ದೀಪ ಟಪ್. ಫೋನ್ ಚಾರ್ಜರು ಟಪ್. ಮೂರನೆಯದರ ಮೇಲೆ ಬೆರಳಿಗೆ ಏನೋ ತಡೆಯಿತು.

ಇನ್ನಷ್ಟು ಬಗ್ಗಿ ನೋಡಿದಳು. ಬ್ಯಾಟರಿಯ ಸ್ವಿಚ್ಚಿನ ಮೇಲೆ ದಪ್ಪ ಟೇಪು ಅಂಟಿಸಿತ್ತು.

ಯಕ್ಷಿತಾ ಬ್ಯಾಗು ಕೆಳಗಿಟ್ಟು ಆ ಟೇಪನ್ನು ಮುಟ್ಟಿ ನೋಡಿದಳು. ಆ ಭಾನುವಾರವೂ ಈ ಕೈ ಹೀಗೇ ಓಡಿತ್ತು, ಮೂರು ಸ್ವಿಚ್ಚಿನ ಮೇಲೂ! ಗೋಡೆಯ ಕರೆಂಟು ನಿಂತ ಬ್ಯಾಟರಿ ಪಾಪ, ಬೆಳಗಿನಿಂದ ತನ್ನೊಳಗಿದ್ದುದನ್ನೆಲ್ಲ ಮಷಿನ್ನಿಗೆ ಕೊಟ್ಟು ಬರಿದಾಗಿತ್ತು. ಅದೇ ಹೊತ್ತಿಗೆ ಬಿಲ್ಡಿಂಗಿನ ಕರೆಂಟೂ ಹೋದದ್ದರಿಂದ ಎಲ್ಲರೂ ಬ್ಯಾಟರಿಯನ್ನು ಬೈದರು. ಅವತ್ತು ಬೀಗ ತೆಗೆದು ಒಳಬಂದ ಸಂತುವಿಗೆ ಆ ಆರಿದ್ದ ಸ್ವಿಚ್ಚು ಕಂಡಿತ್ತು. ಅಮ್ಮನ ಮಂಡಿ ಅಷ್ಟು ಕೆಳಗೆ ಬಗ್ಗುವುದಿಲ್ಲ, ಆರಿಸಿದ್ದು ಯಕ್ಷಿತಾಳೇ ಎಂಬುದೂ ಅವನಿಗೆ ಗೊತ್ತಾಗಿತ್ತು. ಎಲ್ಲ ತಿಳಿದೂ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡಿದ್ದ.

ಡಾಕ್ಟರ ಹತ್ತಿರ ಏನು ಕೇಳಿದಳೋ, ಏನು ಬರೆದುಕೊಂಡಳೋ! ಹಿಂದಿರುಗುವಾಗ ಲೋಕಲ್ಲು ವಿಕ್ರೋಳಿಯಲ್ಲಿ ನಿಂತದ್ದೇ ತಡ, ಇಳಿದುಬಿಟ್ಟಳು.

ಸಂತು ಡೇರೆ ಮಡಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ, ಅಪ್ಪ ಹೇಗಿದ್ದಾರೆ ಎಂದೇ ಮೊದಲು ಕೇಳಿದ.

"ಬ್ಯಾಟರಿ ಕೆಟ್ಟಿರಲಿಲ್ಲ ಅಲ್ವಾ? ಸ್ವಿಚ್ಚು ಆರಿಸಿದ್ದು ನಾನು."

ಅವನು ತಲೆ ತಗ್ಗಿಸಿದ. "ಅವತ್ತ ನೀವು ಅಪ್ಪಾರ ಕೈ ಹಿಡಕೊಂಡು ಕುಂತಿದ್ರಿ. ಆ ಕೈಯಿಂದನ ಹಿಂಗಾತು ಅಂತ ಹೆಂಗ ಹೇಳ್ಲಿ ನಾನು?"

"ನಾನು ಅಷ್ಟು ಬೈದೆ..."

"ನನ್ನ ಮ್ಯಾಲೆ ಸಿಟ್ಟಿದ್ರ ನಿಮಗ ನಿದ್ದಿ ಬರತಿತ್ತು. ನಿಮ್ಮ ಮ್ಯಾಲೆ ನಿಮಗ ಸಿಟ್ಟು ಬಂದಿದ್ರ ಬರತಿರಲಿಲ್ಲ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಹತ್ತಿರ ಬರಲೋ ಬೇಡವೋ ಎಂದು ಡೇರೆಯ ಹಗ್ಗ ಸುತ್ತುತ್ತ ನಿಂತ. ಟೇಪನ್ನು ಮೊದಲ ದಿನವೇ ಅಂಟಿಸಬೇಕಿತ್ತು, ಅಷ್ಟಂತೂ ನಿಜಕ್ಕೂ ನನ್ನ ತಪ್ಪು ಎಂದ. ಯಕ್ಷಿತಾ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹೀಗೆ ಮುಚ್ಚಿಡಬಾರದು, ನನ್ನ ತಪ್ಪನ್ನು ನನ್ನ ಮುಖಕ್ಕೇ ಹೇಳಬೇಕು ಎಂದಳು. ಅವನು ಒಪ್ಪಿದ.

"ಬೊರಿವಲಿಗೆ ಮತ್ತ ಹೋಗೂಣೇನ್ರೀ?" ಎಂದು ಮೆಲ್ಲಗೆ ಕೇಳಿದ.

"ಅಪ್ಪನನ್ನು ಬಿಟ್ಟು ಬರ್ಲಿಕ್ಕೆ ನನಗೆ ಆಗುದಿಲ್ಲ ಸಂತು."

"ಬಿಟ್ಟು ಬರ್ರಿ ಅಂದವರ‍್ಯಾರು? ಡಾಕ್ಟರು ಹೂಂ ಅಂದ್ರ ಅಪ್ಪಾರನ್ನೂ ಕರಕೊಂಡು ಹೋಗೂಣು. ಕಾರಿನಾಗ ಮಷಿನ್ ಇಡೂಣು, ಎರಡು ಬ್ಯಾಟರಿ ಒಯ್ಯೂಣು. ಅವರೂ ಗಿಡಾ ನೋಡ್ಲಿ."

ಯಕ್ಷಿತಾ ಅವನನ್ನೇ ನೋಡಿದಳು. ಅಪ್ಪನೋ ತಾನೋ ಎಂದು ಇಷ್ಟು ದಿನ ಒಳಗೊಳಗೇ ಸವೆದಿದ್ದಳು. ಇಬ್ಬರೂ ಒಟ್ಟಿಗೆ ಹೊರಡಬಹುದು ಎಂದು ಅವಳಿಗೆ ಹೇಳಿದವನು ಇವನೊಬ್ಬನೇ. ಅವಳು ಅವನ ಕೈಯಿಂದ ಹಗ್ಗ ತೆಗೆದು ಬದಿಗಿಟ್ಟು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸಂತು ಗಲಿಬಿಲಿಗೊಂಡ. "ಮತ್ತ... ಅಪ್ಪಾರ ಮುಂದ ನಾ ಏನಂತ ಹೇಳ್ಲಿ?"

"ನೀವು ಸುಮ್ಮನಿರಿ. ಸುಮ್ಮನಿರ್ಲಿಕ್ಕೆ ನಿಮಗೆ ಚೆನ್ನಾಗಿ ಬರ್ತದೆ. ಈ ಸಲ ನಾನು ಹೇಳ್ತೇನೆ."

"ಏನಂತ?"

"ನೀವು ನನಗೆ ಬೇಕು ಅಂತ."