ಕೆಂಪು ಮೀನು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಗ್ಗೆ ಠಾಣೆಯ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದ ವಿನಿ ಮೇರ್ ಒಳಗೆ ಬಂದು ದೂರು ಕೊಟ್ಟಳು. ಸ್ಕಾಟ್ಲೆಂಡಿನ ಪೋರ್ಟ್‌ಲಾಸಿ ಬಂದರಿನ ಪಕ್ಕದಲ್ಲಿ ಸಾಲ್ಮನ್ ಮೀನನ್ನು ಹೊಗೆಯಲ್ಲಿ ಹದ ಮಾಡುವ ಅವಳ ಹೊಗೆಮನೆ ಹಿಂದಿನ ಸಂಜೆ ಸುಟ್ಟು ಬೂದಿಯಾಗಿತ್ತು. ಒಳಗೆ ಯಾರೂ ಇಲ್ಲದ್ದು ಪುಣ್ಯ.

"ಎವಾನ್ ಸ್ಟ್ರಾಕನ್‌ದೇ ಕೆಲಸ. ಕೆಲಸದಿಂದ ತೆಗೆದಾಗ 'ನೋಡ್ಕೋತೀನಿ' ಅಂದಿದ್ದ," ಎಂದಳು ವಿನಿ.

"ಅಂದೋರೆಲ್ಲ ಬೆಂಕಿ ಇಟ್ಟಿದ್ರೆ ಈ ಊರಲ್ಲಿ ಒಂದು ಮನೇನೂ ಉಳೀತಿರ್ಲಿಲ್ಲ ಕಣೇ," ಎಂದಳು ಇನ್ಸ್‌ಪೆಕ್ಟರ್ ಎಲ್ಸ್‌ಪೆತ್ ಗೆಡ್ಡಿಸ್. ಅವಳೂ ಅದೇ ಊರಿನ ಬೆಸ್ತರ ಮಗಳು. ಆದರೂ ದೂರು ದಾಖಲಿಸಿಕೊಂಡಳು.

ಕಾನ್‌ಸ್ಟೇಬಲ್ ಫ್ಲೆಟ್ ಸ್ಥಳದ ಮಹಜರು ಮಾಡಿದ. ಹಿಂಬಾಗಿಲಿನ ಹತ್ತಿರ ಸೀಮೆಎಣ್ಣೆ ವಾಸನೆ ಇನ್ನೂ ಇತ್ತು. ಮಧ್ಯಾಹ್ನ ಎವಾನ್‌ನನ್ನು ಕರೆತಂದರು. ಅವನ ತುಂಬು ಗರ್ಭಿಣಿ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತು, ಬಂದು ಹೋಗುವವರನ್ನೆಲ್ಲ "ಬಿಡ್ತಾರಾ?" ಎಂದು ಕೇಳುತ್ತಿದ್ದಳು. ಆರೋಪ ನಿಂತರೆ ಮಗು ಹುಟ್ಟುವಾಗ ಅಪ್ಪ ಜೈಲಿನಲ್ಲಿರುತ್ತಾನೆ.

ಸಿಕ್ಕಿದ್ದ ಸುಳಿವು ಮೂರು ಸಂದೇಶ ಮಾತ್ರ. ಊರಿನ ಫೋನ್ ಗುಂಪಿನಲ್ಲಿ ಯಾರೋ ಸುಳ್ಳು ಹೆಸರಿನಲ್ಲಿ, ಹೊಗೆಮನೆ ಮುಚ್ಚು ಎಂದು ವಿನಿಗೆ ಸ್ಕಾಟ್ಸ್ ಭಾಷೆಯಲ್ಲಿ ಬರೆದಿದ್ದರು. ಒಂದೇ ಪದದ ಕಾಗುಣಿತ ಮೂರು ಕಡೆ ಮೂರು ಥರ ಇತ್ತು.

"ಮೂರು ಜನ ಇರ್ಬೇಕು ಮೇಡಂ," ಎಂದ ಫ್ಲೆಟ್.

"ನಮ್ಮ ಭಾಷೆಗೆ ಕಾಗುಣಿತ ಯಾವ ಮೇಷ್ಟ್ರು ಕಲಿಸಿದ್ರೋ? ನಾನೇ ಅಮ್ಮನಿಗೆ ಬೆಳಗ್ಗೆ ಒಂಥರಾ ಬರೀತೀನಿ, ಸಂಜೆ ಒಂಥರಾ."

ಮರುದಿನ ಎಲ್ಸ್‌ಪೆತ್ ಅಬರ್ಡೀನ್‌ಗೆ ಹೋದಳು. ಅಲ್ಲಿ ಷೋನಾ ಮಕ್‌ವಿಕರ್ ಎಂಬ ಗ್ಲಾಸ್ಗೋ ಹೆಂಗಸು ಹಳೆಯ ಹೊಸ ಸ್ಕಾಟ್ಸ್ ಬರಹಗಳಲ್ಲಿ ಬೇರೆ ಬೇರೆ ಕಾಗುಣಿತದಲ್ಲಿರುವ ಒಂದೇ ಪದವನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಳು.

"ಎರಡು ಲೆಕ್ಕ ಇದಾವೆ," ಎಂದಳು ಷೋನಾ. "ಒಂದು ಪದ ಇನ್ನೊಂದಾಗೋಕೆ ಎಷ್ಟು ಅಕ್ಷರ ಬದಲಾಯಿಸ್ಬೇಕು ಅಂತ ಮೊದಲನೇದು ಎಣಿಸುತ್ತೆ. ಎರಡನೇದು ಅಕ್ಷರಕ್ಕೆ ಸೊಪ್ಪು ಹಾಕಲ್ಲ, ಬಾಯಲ್ಲಿ ಹೇಗೆ ಕೇಳುತ್ತೆ ಅಂತ ನೋಡುತ್ತೆ. ಒಂದು ಪದ ಹೇಳಿ."

"ಕ್ವೈನ್," ಎಂದಳು ಎಲ್ಸ್‌ಪೆತ್. ಹುಡುಗಿ ಎಂದರ್ಥ.

ಪರದೆ ತುಂಬಿತು. ನಾನೂರು ವರ್ಷ ಹಿಂದಿನ ನ್ಯಾಯಾಲಯದ ಕಾಗದ, ನಾವಿಕನ ಓಲೆ, ಮೀನು ಮಾರುವವಳ ಹಾಡು, ಮೊನ್ನೆ ಯಾರೋ ಕಳಿಸಿದ ಸಂದೇಶ. ಒಂದೊಂದರಲ್ಲಿ ಒಂದೊಂದು ಬರಹ, ಎಲ್ಲದರಲ್ಲೂ ಅದೇ ದನಿ. ಅಜ್ಜಿ ಅವಳನ್ನು ಊಟಕ್ಕೆ ಕರೆಯುತ್ತಿದ್ದದ್ದು ಆ ಪದದಿಂದಲೇ. ಸತ್ತವರೆಲ್ಲ ಒಟ್ಟಿಗೆ ಕರೆದಂತಾಗಿ ಎಲ್ಸ್‌ಪೆತ್‌ಗೆ ಮೈ ಜುಮ್ಮೆಂದಿತು. "ಅಬ್ಬಬ್ಬಾ" ಎಂದಳು.

ಮೂರು ಸಂದೇಶಗಳನ್ನು ಹಾಕಿದಾಗ ಹೆಚ್ಚುಕಡಿಮೆ ಪದಗಳೆಲ್ಲ ಜೋಡಿಯಾದವು.

"ಒಬ್ಬರೇ ಬರ್ದಿರಬಹುದು. ಯಾರು ಅಂತ ಇದು ಹೇಳಲ್ಲ, ಕೋರ್ಟಿಗೂ ಇದು ಸಾಲಲ್ಲ. ಆದ್ರೆ 'ಕೆಂಪು ಮೀನು' ಅಂತ ಮೂರರಲ್ಲೂ ಇದೆ. ಅದಕ್ಕೆ ಮಾತ್ರ ನಮ್ಮ ಬರಹಗಳಲ್ಲಿ ಜೋಡಿ ಸಿಕ್ತಿಲ್ಲ. ಏನಮ್ಮಾ ಅದು?"

"ಅದಾ? ಅದು ಸಾ..."

ಎಲ್ಸ್‌ಪೆತ್‌ಳ ನಾಲಿಗೆ ಅಲ್ಲೇ ನಿಂತಿತು. ಕೈ ತಾನಾಗಿ ಕುರ್ಚಿಯ ಕಬ್ಬಿಣದ ಕಾಲು ಹಿಡಿದಿತ್ತು. ಕಡಲಿಗೆ ಹೋಗುವವರು ಆ ಮೀನಿನ ಹೆಸರು ಎತ್ತಿದರೆ ದೋಣಿಗೆ ಕೇಡು, ಬಾಯಿ ತಪ್ಪಿದರೆ ತಣ್ಣನೆಯ ಕಬ್ಬಿಣ ಮುಟ್ಟಬೇಕು. ಅವಳ ಮನೆಯಲ್ಲೂ ಅದು ಕೆಂಪು ಮೀನೇ. ಅದಕ್ಕೇ ಹತ್ತು ಸಲ ಓದಿಯೂ ಅವಳಿಗೆ ಏನೂ ಹೊಳೆದಿರಲಿಲ್ಲ. ಎವಾನ್ ರೈತರ ಮನೆಯವನು. ಬಕೆಟ್ ನೀರು ಅಲುಗಿದರೂ ವಾಂತಿ ಮಾಡುವ ಆಸಾಮಿ, ಹೊಗೆಮನೆಯಲ್ಲಿ ಆ ಹೆಸರನ್ನು ದಿನವಿಡೀ ಹೇಳುತ್ತಿದ್ದ.

ಆ ಕಟ್ಟುಪಾಡನ್ನು ದಡದಲ್ಲೂ ಬಿಡದವರು ಊರಿನಲ್ಲಿ ಈಗ ಬೆರಳೆಣಿಕೆ. ವಿನಿಯ ಜೊತೆ ಮಾತು ಬಿಟ್ಟಿದ್ದವನು ಅವರಲ್ಲಿ ಒಬ್ಬನೇ, ಎಲ್ಸ್‌ಪೆತ್‌ಳ ಅಪ್ಪನ ಜೊತೆಗಾರ ಜೋಸೆಫ್ ಸ್ಲೇಟರ್. ಗುರುವಾರ ವಾರಂಟ್ ತಂದು ಅವನ ಕೊಟ್ಟಿಗೆ ಶೋಧಿಸಿದರು. ಸೀಮೆಎಣ್ಣೆ ಡಬ್ಬಿ, ಬೀಗ ಹಾಕಿದ ಎರಡನೇ ಫೋನ್ ವಶವಾದವು.

ವಿಚಾರಣೆಗೆ ಅವನ ವಕೀಲರೂ ಕೂತಿದ್ದರು.

"ವಿನಿ ಯಾವ ಮೀನು ಹೊಗೆಗೆ ಹಾಕ್ತಿದ್ಲು ಮಾವ?"

"ನಿಂಗೊತ್ತಿಲ್ವಾ?"

"ಸಾಲ್ಮನ್," ಎಂದಳು ಎಲ್ಸ್‌ಪೆತ್, ಹುಟ್ಟಿದ ಮೇಲೆ ಮೊದಲ ಸಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುದುಕನ ಕೈ ಮೇಜಿನ ಕೆಳಗೆ ಕಬ್ಬಿಣದ ಕಾಲಿಗೆ ಹೋಯಿತು. ಅಲ್ಲಿ ಆಗಲೇ ಅವಳ ಕೈ ಇತ್ತು.

ಜೋಸೆಫ್ ಅವಳ ಮುಖ ನೋಡಿ ನಕ್ಕ. "ನಿಮ್ಮಪ್ಪ ಚೆನ್ನಾಗೇ ಬೆಳೆಸಿದಾನೆ ಕಣೇ." ವಕೀಲರು ತಡೆದರೂ ಕೇಳದೆ ಫೋನಿನ ಬೀಗ ತೆಗೆದುಕೊಟ್ಟ. ಮೂರೂ ಸಂದೇಶ ಅದರಲ್ಲಿದ್ದವು. "ಆ ಹುಡುಗನ್ನ ಮನೆಗೆ ಕಳ್ಸು. ಬೆಂಕಿ ಇಟ್ಟಿದ್ದು ನಾನು."

ಫ್ಲೆಟ್ ಎದ್ದು ಹೋಗಿ ಎವಾನ್‌ನನ್ನು ಬಿಟ್ಟ. ಹೊರಗೆ ಹೆಂಡತಿ ಗೊಳೋ ಎಂದು ಅತ್ತದ್ದು ಒಳಗೆ ಕೇಳಿಸಿತು.

"ಯಾಕೆ ಮಾವ?"

"ನನ್ನ ದೋಣೀನ ಗುಜರಿಗೆ ಹಾಕಿದ್ರಲ್ಲ, ಅದರ ಒಡಲಿಗೆ ಹಾಕಿದ್ದ ಓಕ್ ಮರ ಎಲ್ಲ ವಿನಿ ಕೊಂಡ್ಕೊಂಡ್ಲು. ನನ್ನ ತಮ್ಮ ಪ್ರಾಣ ಬಿಟ್ಟಿದ್ದು ಆ ದೋಣಿ ಮೇಲೆ. ಅದರಲ್ಲಿ ಒಬ್ಬನೂ ಆ ಹೆಸರು ಎತ್ತಿದೋನಲ್ಲ. ಆ ಮರಾನೇ ಸೀಳಿ ಆ ಮೀನಿಗೆ ಹೊಗೆ ಹಾಕಿದ್ಲು. ಬೇಡ ಅಂತ ಬರ್ದೆ. ಗುಂಪಲ್ಲಿ ಎಲ್ಲ ಹಲ್ಲು ಕಿಸಿದ್ರು."

"ಕಟ್ಟಡ ಸುಟ್ರೆ ಮರ ವಾಪಸ್ ಬರುತ್ತಾ?"

"ಉಳಿದ ಮರ ಒಳಗೇ ಇತ್ತಲ್ಲ. ಅದಕ್ಕೇ ಇಟ್ಟಿದ್ದು ಬೆಂಕಿ. ನಾನೇ ಸುಡ್ಬೇಕಿತ್ತು ಅದನ್ನ, ಒಂದೇ ಸಲಕ್ಕೆ."

ಎಲ್ಸ್‌ಪೆತ್ ಬಂಧನದ ಸಮಯ ಬರೆದುಕೊಂಡಳು. ಹೊರಗೆ ಗಾಳಿ ಜೋರಾಗಿತ್ತು. ಅವನ ಕೋಟಿನ ಗುಂಡಿ ಹಾಕಿ, ವ್ಯಾನಿನವರೆಗೆ ಜೊತೆಗೆ ನಡೆದಳು.