ನುಡಿಮನೆಯ ಬಾಗಿಲು

ಬಹಳ ಹಿಂದೆ, ಮಣ್ಣಿಗೂ ಮಾತು ನೆನಪಿರುತ್ತಿದ್ದ ಕಾಲದಲ್ಲಿ, ಇಂಬುಗಲ್ಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ನುಡಿಮನೆ ಇತ್ತು. ಓಲಗದಲ್ಲಿ ಅರಸ ಯಾವ ಅಪ್ಪಣೆ ಕೊಟ್ಟರೂ, ಯಾರು ಏನು ಅಹವಾಲು ಹೇಳಿಕೊಂಡರೂ ಆ ಮಾತುಗಳನ್ನು ಮಣ್ಣಿನ ಕೊಡಗಳಲ್ಲಿ ತುಂಬಿ, ಬಾಯಿ ಕಟ್ಟಿ, ಅಲ್ಲಿ ಇಡುತ್ತಿದ್ದರು. ಕೊಡದೊಳಗಿನ ಮಾತು ಕೆಡುತ್ತಿರಲಿಲ್ಲ. ಯಾರು ಬೇಕಾದರೂ ಹೋಗಿ, ಒಳಗೆ ನಿಂತು, ಗಟ್ಟಿಯಾಗಿ ಕೇಳಿದರೆ ಸಾಕು. ಕೊಡದ ಬಾಯಿ ತಾನಾಗಿಯೇ ಬಿಚ್ಚಿಕೊಂಡು, ಆಡಿದವರ ದನಿಯಲ್ಲೇ ಆಡಿದ ಮಾತು ಕೇಳಿಸುತ್ತಿತ್ತು. ಕೆರೆಯ ತೂಬು ಯಾಕೆ ಮುಚ್ಚಿದರು, ದಾರಿ ಯಾಕೆ ತಿರುಗಿಸಿದರು ಎಂದು ಜನ ಹೋಗಿ ಕೇಳಿಕೊಂಡು ಬರುತ್ತಿದ್ದರು. ಕೇಳಿದ ಮೇಲೆ ಕೆಲವರು ಒಪ್ಪುತ್ತಿದ್ದರು, ಕೆಲವರು ಜಗಳಕ್ಕೆ ನಿಲ್ಲುತ್ತಿದ್ದರು. ಅಂತೂ ಯಾರೂ ಕತ್ತಲಲ್ಲಿ ಇರುತ್ತಿರಲಿಲ್ಲ.

ಹಿರಿಯ ಅರಸ ತೀರಿಕೊಂಡ. ಅವನ ಮಗ ನನ್ನಿರಾಯ ಇನ್ನೂ ಮೀಸೆ ಚಿಗುರದ ಹುಡುಗ. ಆಗ ಧೂಮಾಕ್ಷ ಎಂಬ ಮಾಂತ್ರಿಕ ಮಂತ್ರಿಯಾಗಿ ಬಂದ. ಅವನ ಕಣ್ಣುಗಳು ಸದಾ ಹೊಗೆಯಾಡುತ್ತಿದ್ದವು. ಅವನು ಅರಸನಿಗೆ ಹೇಳಿದ: "ಪ್ರಭೂ, ನುಡಿಮನೆಯ ಕೊಡಗಳಲ್ಲಿ ಹಾವು ಸೇರಿಕೊಂಡಿವೆ. ತಾವು ಆ ಕಡೆ ಸುಳಿಯಬೇಡಿ." ಜನರಿಗೆ ಹೇಳಿದ: "ರಾಜ್ಯದ ಮಾತು ಎಲ್ಲರ ಕಿವಿಗೆ ಬಿದ್ದರೆ ಶತ್ರುಗಳಿಗೂ ಮುಟ್ಟುತ್ತದೆ. ಇನ್ನು ಯಾರೂ ಬರಬೇಡಿ." ಹಾಗೆಂದು ಬಾಗಿಲಿಗೆ ಹೊಗೆಯ ಹುಲಿಯನ್ನು ಕಾವಲಿಟ್ಟ. ಒಳದಾರಿಗೆ ಎರಡು ತಲೆಯ ಹಾವನ್ನು ಇಟ್ಟ. ಒಳಗೆ ತಾನೇ ಕೂತ.

ಅಲ್ಲಿಂದ ಮುಂದೆ ಆ ರಾಜ್ಯದಲ್ಲಿ ಏನು ನಡೆದರೂ ಯಾಕೆ ನಡೆಯಿತೆಂದು ಯಾರಿಗೂ ತಿಳಿಯದೆ ಹೋಯಿತು. ಅರಮನೆಗೆ ಗದ್ದೆ ಕಳೆದುಕೊಂಡವರು ಪಕ್ಕದ ಗದ್ದೆಯವರೇ ಚಾಡಿ ಹೇಳಿರಬೇಕು ಎಂದುಕೊಂಡರು. ಭಟರು ಮಗನನ್ನು ಎಳೆದುಕೊಂಡು ಹೋದ ಮನೆಯವರು ಎದುರು ಮನೆಯವರನ್ನು ಅನುಮಾನದಿಂದ ನೋಡಿದರು. ಒಬ್ಬರ ಮನೆಯ ಜಗಲಿಗೆ ಇನ್ನೊಬ್ಬರು ಹೋಗುವುದು ನಿಂತಿತು.

ಆ ರಾಜ್ಯದ ಅತ್ತಿಹಾಳು ಎಂಬ ಊರಿನಲ್ಲಿ ಚಾಗವ್ವ ಎಂಬ ಸೂಲಗಿತ್ತಿ ಇದ್ದಳು. ಅವಳಿಗೆ ಮಾಳಲೆ ಎಂಬ ಒಬ್ಬಳೇ ಮಗಳು. ಊರಿನ ಅರ್ಧ ಮಕ್ಕಳು ಚಾಗವ್ವನ ಕೈಯಲ್ಲೇ ಹುಟ್ಟಿದವರು. ಒಂದು ದಿನ ಬೆಳಿಗ್ಗೆ, ಮಾಳಲೆ ಒಲೆಯ ಮೇಲೆ ಅನ್ನಕ್ಕೆ ಇಟ್ಟು ನೀರಿಗೆ ಹೋಗಿದ್ದಾಗ, ಅರಮನೆಯ ಭಟರು ಬಂದು ಚಾಗವ್ವನನ್ನು ಕರೆದುಕೊಂಡು ಹೋದರು. ಮಾಳಲೆ ತಿರುಗಿ ಬಂದಾಗ ಅನ್ನ ಸೀದು ಹೋಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ.

ಅವಳು ಬೀದಿಯ ಉದ್ದಕ್ಕೂ ಓಡಿ ಕೇಳಿದಳು. "ಅವ್ವನ್ನ ಎಲ್ಲಿಗೆ ಕರ್ಕೊಂಡು ಹೋದರು? ಯಾಕೆ ಕರ್ಕೊಂಡು ಹೋದರು?"

"ನಮಗೇನು ಗೊತ್ತು ತಾಯಿ," ಎಂದು ಜನ ಬಾಗಿಲು ಹಾಕಿಕೊಂಡರು. ಒಳಗಿನಿಂದ ಯಾರೋ, "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೆ?" ಎಂದದ್ದು ಅವಳಿಗೆ ಕೇಳಿಸಿತು.

ಮೊದಲೆಲ್ಲ ಬೆಳಗಾದರೆ ಹೆಪ್ಪಿಗೆಂದು, ಕೆಂಡಕ್ಕೆಂದು ಯಾರಾದರೂ ಅವರ ಮನೆಗೆ ಬರುತ್ತಿದ್ದರು. ಈಗ ಯಾರೂ ಬರಲಿಲ್ಲ. ಪಕ್ಕದ ಮನೆಯ ಸಂಕವ್ವ, ಮಾಳಲೆಗೆ ತಲೆ ಬಾಚಿ ಹೂ ಮುಡಿಸುತ್ತಿದ್ದವಳು, ಬಾವಿಯ ಬಳಿ ಅವಳನ್ನು ಕಂಡರೆ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಮಾಳಲೆಗೆ ಮಾತಾಡಲು ಯಾರೂ ಇಲ್ಲದಂತಾಯಿತು. ಒಮ್ಮೊಮ್ಮೆ ತನ್ನ ದನಿ ಇದೆಯೋ ಇಲ್ಲವೋ ನೋಡಲೆಂದು ಅವಳು ಖಾಲಿ ಮನೆಯಲ್ಲಿ, "ಅವ್ವಾ," ಎಂದು ಕರೆಯುತ್ತಿದ್ದಳು. ಕರೆದ ಮೇಲೆ ಮನೆ ಇನ್ನಷ್ಟು ದೊಡ್ಡದಾದಂತೆ ಕಾಣುತ್ತಿತ್ತು.

ಹೀಗೆ ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು. ಒಂದು ದಿನ ಮಾಳಲೆ ಸೆರಗಿಗೆ ಬುತ್ತಿ ಕಟ್ಟಿಕೊಂಡು ನುಡಿಮನೆಯ ದಾರಿ ಹಿಡಿದಳು. ಹೋಗಿ ಬರುತ್ತೇನೆ ಎಂದು ಹೇಳಲು ಊರಲ್ಲಿ ಯಾರೂ ಇರಲಿಲ್ಲ.

ನುಡಿಮನೆಯ ಬಾಗಿಲಲ್ಲಿ ಹೊಗೆಯ ಹುಲಿ ಎದ್ದು ನಿಂತಿತು. ಅದರ ಹಿಂದಿನ ಗೋಡೆ ಅದರ ಮೈಯೊಳಗಿಂದಲೇ ಕಾಣುತ್ತಿತ್ತು. ಹಲ್ಲು ಮಾತ್ರ ನಿಜವಾದವು.

"ನೀನು ಯಾರ ಕಡೆಯವಳು?" ಎಂದು ಹುಲಿ ಕೇಳಿತು. "ಇಲ್ಲಿಗೆ ಬಂದವರೆಲ್ಲ ಯಾರದೋ ಕಡೆಯವರು. ಕಡೆ ಹೇಳಿದವರನ್ನು ತಿನ್ನು ಅಂತ ನನಗೆ ಅಪ್ಪಣೆಯಾಗಿದೆ."

ಮಾಳಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನನ್ನ ಕಡೆ ಯಾರೂ ಇಲ್ಲ. ನಾನೂ ಯಾರ ಕಡೆಯವಳೂ ಅಲ್ಲ. ಅವ್ವ ಎಲ್ಲಿದ್ದಾಳೆ ಅಂತ ಕೇಳೋಕೆ ಬಂದೆ. ನಿನ್ನನ್ನ ಇಲ್ಲಿ ಯಾಕೆ ಕಟ್ಟಿದಾರೆ?"

ಹುಲಿಯನ್ನು ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. "ನನಗೂ ಹೇಳಿಲ್ಲ," ಎಂದಿತು ಮೆಲ್ಲಗೆ. "ನಾನು ಯಾವ ಕಾಡಿನ ಹುಲಿ ಎನ್ನುವುದೂ ಮರೆತುಹೋಗಿದೆ." ಅದು ಮುಂಗಾಲುಗಳ ಮೇಲೆ ತಲೆಯಿಟ್ಟು ಮಲಗಿತು. ಮಾಳಲೆ ಅದರ ಹೊಗೆಯನ್ನು ದಾಟಿ ಒಳಗೆ ಹೋದಳು. ಆ ಹೊಗೆ ತಣ್ಣಗಿತ್ತು.

ಒಳದಾರಿಯ ಉದ್ದಕ್ಕೂ ಒಂದು ಹಾವು ಮಲಗಿತ್ತು. ಈ ತುದಿಗೊಂದು ತಲೆ, ಆ ತುದಿಗೊಂದು ತಲೆ.

"ನನ್ನ ಅವ್ವ ಚಾಗವ್ವನ ಮಾತಿನ ಕೊಡ ಎಲ್ಲಿದೆ?" ಎಂದು ಅವಳು ಈಚೆಯ ತಲೆಯನ್ನು ಕೇಳಿದಳು.

"ಅದು ನನ್ನ ಪಾಲಿನದಲ್ಲ. ಆಚೆ ಕೇಳು," ಎಂದಿತು ಈಚೆಯ ತಲೆ.

ಅವಳು ಆಚೆಗೆ ನಡೆದಳು. "ಅದು ನನ್ನ ಪಾಲಿನದಲ್ಲ. ಈಚೆ ಕೇಳು," ಎಂದಿತು ಆಚೆಯ ತಲೆ.

ಅವಳು ಈಚೆಗೆ ಬಂದಳು, ಮತ್ತೆ ಆಚೆಗೆ ಹೋದಳು. ನಡೆದಷ್ಟೂ ದಾರಿ ಉದ್ದವಾಯಿತು. ಬುತ್ತಿ ಮುಗಿಯಿತು, ಕಾಲಲ್ಲಿ ಬೊಬ್ಬೆ ಎದ್ದಿತು. ಅವಳಿಗಿಂತ ಮುಂಚೆ ಬಂದವರ ಚಪ್ಪಲಿಗಳು ದಾರಿಯ ಬದಿಯಲ್ಲಿ ಬಿದ್ದಿದ್ದವು. ಅವನ್ನು ನೋಡಿ ಮಾಳಲೆಗೆ ಅಳು ಬಂತು. ಅವಳು ಹಾವಿನ ಬೆನ್ನಿಗೆ ಒರಗಿ ನಡುದಾರಿಯಲ್ಲೇ ಕೂತುಬಿಟ್ಟಳು.

"ಇನ್ನು ನಾನು ಎಲ್ಲಿಗೂ ಹೋಗೋದಿಲ್ಲ," ಎಂದಳು. "ನೀವೇ ಇಬ್ಬರೂ ಇಲ್ಲಿಗೆ ಬಂದು, ನನ್ನ ಎದುರಿಗೆ ಒಬ್ಬರನ್ನೊಬ್ಬರು ಕೇಳಿಕೊಳ್ಳಿ."

ಹಾಗೆ ಯಾರೂ ಹೇಳಿರಲಿಲ್ಲ. ಎರಡು ತಲೆಗಳೂ ಸರಸರನೆ ಸರಿದು ಬಂದವು. ಹುಟ್ಟಿದಂದಿನಿಂದ ಒಂದಕ್ಕೊಂದು ಬೆನ್ನು ಮಾಡಿಕೊಂಡಿದ್ದ ಆ ತಲೆಗಳು ಮೊದಲ ಸಲ ಮುಖ ನೋಡಿದವು.

"ಆಚೆ ಇದ್ದದ್ದು ನೀನೇನಾ?" ಎಂದಿತು ಒಂದು.

"ನೀನೂ ಒಬ್ಬಂಟಿಯಾಗಿಯೇ ಇದ್ದೆಯಾ?" ಎಂದಿತು ಇನ್ನೊಂದು.

ಅವು ಮಾತಾಡತೊಡಗಿದವು. ಮಾಳಲೆ ಅಲ್ಲಿದ್ದಾಳೆ ಎಂಬುದೂ ಅವಕ್ಕೆ ನೆನಪಿರಲಿಲ್ಲ. ಹಾವು ಸುರುಳಿ ಸುತ್ತಿಕೊಂಡದ್ದರಿಂದ ದಾರಿ ಬರಿದಾಯಿತು, ಅದರ ಕೊನೆಯಲ್ಲಿ ಒಂದು ಬಾಗಿಲು ಕಂಡಿತು.

ಬಾಗಿಲಾಚೆ ದೊಡ್ಡ ಅಂಗಳದಂಥ ಕೋಣೆ. ನೆಲದಿಂದ ಸೂರಿನವರೆಗೆ ಸಾಲುಸಾಲು ಕೊಡಗಳು. ಒಳಗಿನ ಮಾತುಗಳು ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿದ್ದವು. ನಡುವೆ ಧೂಮಾಕ್ಷ ಕೂತಿದ್ದ.

ಮಾಳಲೆ ಉಸಿರು ತೆಗೆದುಕೊಂಡು ಕೇಳಲು ಹೋದಳು. "ನನ್ನ…" ಅಷ್ಟೇ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ಧೂಮಾಕ್ಷ ನಕ್ಕ. "ತಮಗಾಗಿ ಕೇಳುವವರ ನಾಲಿಗೆ ಇಲ್ಲಿ ಏಳದ ಹಾಗೆ ಮಾಟ ಮಾಡಿದ್ದೇನೆ ಮಗಳೇ. ಕೇಳಲು ಬರುವವರು ಎಲ್ಲರೂ ತಮಗಾಗಿಯೇ ಬರುತ್ತಾರೆ, ಮೂಕರಾಗಿ ತಿರುಗಿ ಹೋಗಬೇಕು." ಅವನು ಎದ್ದು ಒಂದು ಸಣ್ಣ ಕೊಡ ತಂದು ಅವಳ ಕೈಯಲ್ಲಿಟ್ಟ. "ಆದರೆ ನೀನು ಗಟ್ಟಿಗಿತ್ತಿ. ತಗೋ, ಇದು ನಿನ್ನ ತಾಯಿಯದು. ಮನೆಗೆ ಒಯ್ದು, ಬಾಗಿಲು ಹಾಕಿಕೊಂಡು, ಒಬ್ಬಳೇ ಕೇಳು. ಯಾರಿಗೂ ಹೇಳಬೇಡ. ನುಡಿಮನೆಯ ಮಾತು ಇಲ್ಲಿಗೆ ಮರೆತುಬಿಡು."

ಕೊಡ ಬೆಚ್ಚಗಿತ್ತು. ಕಿವಿಗೊಟ್ಟರೆ ಒಳಗೆ ಅವ್ವ ಕೆಮ್ಮಿದ ಹಾಗೆ ಕೇಳಿಸಿತು. ಮಾಳಲೆ ಅದನ್ನು ಎದೆಗೆ ಅವುಚಿಕೊಂಡು ಬಾಗಿಲ ಕಡೆ ತಿರುಗಿದಳು. ಬಾಗಿಲ ಪಕ್ಕದ ಕೊಡವೊಂದು ಒಳಗೊಳಗೇ ಪಿಸುಗುಡುತ್ತಿತ್ತು. "ಅತ್ತಿಹಾಳಿನ ಸಂಕವ್ವನ ಗದ್ದೆ… ಸಂಕವ್ವನ ಗದ್ದೆ…" ಅರಮನೆಯವರು ಕಿತ್ತುಕೊಂಡಿದ್ದ ತನ್ನ ಗದ್ದೆಯ ಬದುವಿನ ಮೇಲೆ ಸಂಕವ್ವ ಸಂಜೆ ಹೊತ್ತು ಸುಮ್ಮನೆ ಕೂತಿರುತ್ತಿದ್ದದ್ದು ಮಾಳಲೆಗೆ ನೆನಪಾಯಿತು.

ಅವಳು ಹೊಸ್ತಿಲ ಮೇಲೆ ನಿಂತಳು. ಈ ಕೊಡ ಒಯ್ದರೆ ಅವ್ವನ ಸತ್ಯ ನನ್ನೊಬ್ಬಳಿಗೇ ತಿಳಿಯುತ್ತದೆ. ಊರಿನವರು ನಾಳೆಯೂ ಹಾಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಮೇಲೆ ಅವಳಿಗೆ ಸಿಟ್ಟಿತ್ತು. ಆದರೆ ಅವರಿಗೂ ಯಾರೂ ಏನೂ ಹೇಳಿರಲಿಲ್ಲ. ಅವಳು ಕೊಡವನ್ನು ಕೆಳಗಿಟ್ಟಳು. ಇಡುವಾಗ ಕೈ ಬಿಡಲಾರದೆ ಬಿಟ್ಟಿತು.

"ಸಂಕವ್ವನ ಗದ್ದೆಯನ್ನು ಯಾಕೆ ಕಿತ್ತುಕೊಂಡಿರಿ?" ಎಂದು ಕೇಳಿದಳು. ನಾಲಿಗೆ ಎದ್ದಿತು!

ಕೊಡದ ಬಾಯಿ ಬಿಚ್ಚಿತು. ಅದರಿಂದ ಬಂದ ದನಿ ಅರಸನದಲ್ಲ, ಧೂಮಾಕ್ಷನದು. "ಆ ಗದ್ದೆಯಲ್ಲಿ ನನ್ನ ಮಾಟದ ಬೇರು ಬೆಳೆಯುತ್ತದೆ. ಅರಸನ ಹೆಸರಿನಲ್ಲಿ ಕಿತ್ತುಕೊಳ್ಳಿ. ಪಕ್ಕದವರು ದೂರಿದರು ಎಂದು ಸುದ್ದಿ ಹಬ್ಬಿಸಿ." ಮಾತು, ಕೇಳಿದ ಮಾಳಲೆಯ ದನಿಯನ್ನೂ ಜೊತೆಗೆ ಹೊತ್ತು, ಹಕ್ಕಿಯಂತೆ ಕಿಟಕಿಯಿಂದ ಹಾರಿ ಅತ್ತಿಹಾಳಿನ ಕಡೆ ಹೋಯಿತು.

"ಕಮ್ಮಾರ ಮಾದೋಜನ ತಮ್ಮ ಎಲ್ಲಿದ್ದಾನೆ? ಕೆಳಗಿನ ಕೇರಿಯ ಕಾಲುವೆಯನ್ನು ಯಾರು ಮುಚ್ಚಿಸಿದರು?" ಮಾಳಲೆ ತನ್ನ ಊರಿನವರ ಪ್ರಶ್ನೆಗಳನ್ನೆಲ್ಲ ಕೇಳಿದಳು. ಪಕ್ಕದ ಊರಿನವರದನ್ನೂ ಕೇಳಿದಳು. ಕೊಡಗಳು ಒಂದೊಂದಾಗಿ ಬಾಯಿಬಿಟ್ಟವು. ಮಾತುಗಳು ಸಾಲುಸಾಲಾಗಿ ಹಾರಿ ಅವರವರ ಮನೆಗೆ ಹೋದವು. ಕೆಲವು ಅರಮನೆಯೊಳಗೂ ಹೋದವು. ತನ್ನ ಹೆಸರಿನಲ್ಲಿ ಇನ್ನೊಬ್ಬನ ದನಿ ಅಪ್ಪಣೆ ಕೊಟ್ಟದ್ದನ್ನು ನನ್ನಿರಾಯ ಕಿವಿಯಾರೆ ಕೇಳಿದ. ಒಂದೊಂದು ಮಾತು ಹೊರಟಂತೆ ಧೂಮಾಕ್ಷನ ಮೈ ತೆಳ್ಳಗಾಯಿತು. ಬಾಯಿ ತೆರೆದ, ದನಿ ಬರಲಿಲ್ಲ. ಕೊನೆಗೆ ಹೊಗೆಯಾಗಿ ಸೂರಿನ ಸಂದಿಯಿಂದ ಹೊರಗೆ ಹೋದವನು ಮತ್ತೆ ಎಲ್ಲೂ ಕಾಣಲಿಲ್ಲ.

ಆದರೆ ಅವನ ಮಾಟ ಪೂರ್ತಿ ಹೋಗಿರಲಿಲ್ಲ. ಮಾಳಲೆ ತನ್ನ ಸಣ್ಣ ಕೊಡದ ಮುಂದೆ ಕೂತು ಕೇಳಲು ನೋಡಿದಳು. ನಾಲಿಗೆ ಏಳಲಿಲ್ಲ. ಕೈಯಿಂದ ಬಿಚ್ಚಲು ನೋಡಿದಳು, ಕೊಡದ ಬಾಯಿ ಇನ್ನಷ್ಟು ಬಿಗಿಯಾಯಿತು. ಇದನ್ನು ಬೇರೆ ಯಾರಾದರೂ ಕೇಳಬೇಕು. ಅವಳಿಗಾಗಿ ಕೇಳುವವರು ಯಾರಿದ್ದಾರೆ? ಬರಿದಾದ ಕೊಡಗಳ ನಡುವೆ ಅವಳು ಮಂಡಿಯ ಮೇಲೆ ತಲೆಯಿಟ್ಟು ಕೂತಳು. ಇಡೀ ರಾಜ್ಯದಲ್ಲಿ ಆಗ ಎಲ್ಲರೂ ಒಬ್ಬರ ಮನೆಗೊಬ್ಬರು ಓಡಾಡುತ್ತಿದ್ದರು. ಅವಳೊಬ್ಬಳು ಅಲ್ಲಿದ್ದಳು. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತಾ ಸರಿಯುತ್ತಾ ಗೋಡೆ ಹತ್ತಿತು.

ಆಗ ಒಳದಾರಿಯಲ್ಲಿ ಹೆಜ್ಜೆಯ ಸಪ್ಪಳವಾಯಿತು. ಏದುಸಿರು ಬಿಡುತ್ತಾ, ಕೆದರಿದ ತಲೆಯಲ್ಲಿ ಸಂಕವ್ವ ಒಳಗೆ ಬಂದಳು. ಅವಳು ಮಾಳಲೆಯ ಮುಖ ನೋಡಲಿಲ್ಲ. ನೋಡಲು ಆಗಲಿಲ್ಲ. ಕೊಡಗಳ ಕಡೆಗೆ ತಿರುಗಿ ಇಡೀ ಮನೆ ಅದುರುವ ಹಾಗೆ ಕೇಳಿದಳು.

"ನಮ್ಮ ಸೂಲಗಿತ್ತಿ ಚಾಗವ್ವನ್ನ ಎಲ್ಲಿಗೆ ಕಳಿಸಿದಿರಿ? ಯಾಕೆ ಕಳಿಸಿದಿರಿ?"

ಸಣ್ಣ ಕೊಡದ ಬಾಯಿ ಬಿಚ್ಚಿತು. ಧೂಮಾಕ್ಷನ ದನಿ ಹೇಳಿತು: "ಈ ಹೆಂಗಸು ಮನೆಮನೆಗೂ ಹೋಗುತ್ತಾಳೆ. ಒಂದು ಮನೆಯ ಕಷ್ಟ ಇನ್ನೊಂದು ಮನೆಗೆ ತಿಳಿಸುತ್ತಾಳೆ. ಇವಳಿದ್ದರೆ ಜನ ಒಟ್ಟಾಗುತ್ತಾರೆ. ಉಪ್ಪಿನ ಕಣಿವೆಗೆ ಕಳಿಸಿ."

ಆಮೇಲೆ ಚಾಗವ್ವನ ದನಿ. "ಮಗಳು ನೀರಿಗೆ ಹೋಗಿದ್ದಾಗ ಕರ್ಕೊಂಡು ಬಂದಿರಿ ಸ್ವಾಮಿ. ಅವಳಿಗೊಂದು ಮಾತು ಹೇಳಿ ಬರ್ತೀನಿ. ಇಲ್ಲಾಂದ್ರೆ ಹುಡುಕ್ತಾಳೆ."

ಸಂಕವ್ವ ನೆಲಕ್ಕೆ ಕುಸಿದು ಮಾಳಲೆಯ ಕೈ ಹಿಡಿದುಕೊಂಡಳು. "ನಡಿ ಮಗಾ, ಕತ್ತಲಾಗೋ ಮುಂಚೆ ಹೊರಡೋಣ," ಎಂದಳು. ಹೊರಗೆ, ತಮ್ಮ ಉಪ್ಪಿನ ಕಣಿವೆಯಲ್ಲಿದ್ದಾನೆಂದು ತಿಳಿದ ಕಮ್ಮಾರ ಮಾದೋಜ ಗಾಡಿ ಕಟ್ಟಿ ನಿಂತಿದ್ದ.

ಉಪ್ಪಿನ ಕಣಿವೆಯಲ್ಲಿ ಮರವಿಲ್ಲ, ಹಕ್ಕಿಯಿಲ್ಲ. ಬಿಳಿಯ ನೆಲದ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ದೂರದೂರ ಕೂತಿದ್ದರು. ಮಾದೋಜ ತಮ್ಮನ ಹೆಸರು ಕೂಗುತ್ತಾ ಒಂದು ಕಡೆ ಓಡಿದ. ಮಾಳಲೆ ಇನ್ನೊಂದು ಕಡೆ ನಡೆದಳು. ಚಾಗವ್ವನ ತಲೆ ಉಪ್ಪಿನಷ್ಟೇ ಬೆಳ್ಳಗಾಗಿತ್ತು. ಮಗಳನ್ನು ನೋಡಿ ಅವಳು ತಡವರಿಸುತ್ತಾ ಮಾತು ತೆಗೆದಳು. ಮಾತಾಡಿ ರೂಢಿ ತಪ್ಪಿತ್ತು.

"ಇಷ್ಟು ದಿನ ಯಾಕೆ ಬರಲಿಲ್ಲ?" ಎಂದಳು.

"ಎಲ್ಲಿದ್ದೀಯ ಅಂತ ಯಾರೂ ಹೇಳಲಿಲ್ಲ ಅವ್ವ."

"ಹೇಳಿದ್ದರೆ?"

"ಅವತ್ತೇ ಬರ್ತಿದ್ದೆ."

"ನಾನೇ ತಪ್ಪು ಮಾಡಿದೀನಿ ಅನ್ನೋ ಮಾತನ್ನ ನೀನೂ ನಂಬಿದೆ ಅಂದ್ಕೊಂಡಿದ್ದೆ," ಎಂದು ಚಾಗವ್ವ ಆಗ ಅತ್ತಳು. ಮಾಳಲೆ ಅವಳನ್ನು ಎಬ್ಬಿಸಿ ಗಾಡಿಯ ಕಡೆ ನಡೆಸಿಕೊಂಡು ಬಂದಳು.

ನನ್ನಿರಾಯ ನುಡಿಮನೆಯ ಬಾಗಿಲನ್ನು ಕೀಳಿಸಿಬಿಟ್ಟ. ಯಾರು ಯಾರಿಗಾಗಿ ಬೇಕಾದರೂ ಕೇಳಬಹುದು, ತನ್ನ ಮಾತನ್ನೂ ಕೇಳಬಹುದು ಎಂದು ಸಾರಿಸಿದ. ಹೊಗೆಯ ಹುಲಿಗೆ ಅದರ ಕೊಡ ಸಿಕ್ಕಿತು. ತನ್ನ ಕಾಡಿನ ಹೆಸರು ಕೇಳಿಸಿಕೊಂಡು, ಮೈತುಂಬ ಪಟ್ಟೆ ಬಂದು, ಅದು ಕಾಡಿಗೆ ಹೋಯಿತು. ಎರಡು ತಲೆಯ ಹಾವು ಮಾತು ಮುಗಿಸಲೇ ಇಲ್ಲವಂತೆ. ಉಪ್ಪಿನ ಕಣಿವೆ ಬರಿದಾಯಿತು. ಚಾಗವ್ವ ಮತ್ತೆ ಮನೆಮನೆಗೆ ಹೋದಳು, ಆ ವರ್ಷ ಅತ್ತಿಹಾಳಿನಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಅವಳೇ ಎತ್ತಿಕೊಂಡಳು. ಮಳೆ ಕಾಲಕ್ಕೆ ಬಂತು, ಬೆಳೆ ಕೈಗೆ ಬಂತು, ಆ ರಾಜ್ಯದವರು ನೆಮ್ಮದಿಯಾಗಿ ಬಾಳಿದರು. ಮಾಳಲೆಯೂ ಬಾಳಿದಳು. ಅವಳು ಹೊರಗೆ ಹೊರಟರೆ ಈಗ ಬೀದಿಯ ಎರಡೂ ಕಡೆಯಿಂದ, "ಎಲ್ಲಿಗೆ ಹೊರಟೆ ಮಗಾ?" ಎಂದು ಯಾರಾದರೂ ಕೇಳುತ್ತಿದ್ದರು. ಅವಳು ನಿಂತು, ಎಲ್ಲಿಗೆಂದು ಹೇಳಿ ಹೋಗುತ್ತಿದ್ದಳು.