ಅಣ್ಣನ ತೋಟಾ ಮೇಜು

ಬಂದೂಕು ಸಿಡಿದು ಅಣ್ಣ ವರ್ಜಿಲ್ ಸತ್ತಾಗ, ಒಂದೇ ತೋಟಾಕ್ಕೆ ಎರಡು ಸಲ ಮದ್ದು ಸುರಿದ ದಡ್ಡನೆಂದು ಮೊಂಟಾನದ ನಮ್ಮ ಊರೆಲ್ಲ ಆಡಿಕೊಂಡಿತು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲೇ ತೋಟಾ ತುಂಬುವ ಅವನ ಮೇಜನ್ನು ತಂದು ನನ್ನ ಗ್ಯಾರೇಜಿನಲ್ಲಿ ಜೋಡಿಸಿದೆ.

"ಅದನ್ನ ನದಿಗೆ ಎಸೆಯೋ, ಕ್ಲೀಟಸ್," ಎಂದರು ಅತ್ತಿಗೆ ಲೋರ್ನಾ, ಬಾಗಿಲಾಚೆಯೇ ನಿಂತು.

"ಅಣ್ಣ ದಡ್ಡ ಅಲ್ಲ ಅಂತ ತೋರಿಸ್ತೀನಿ, ನೋಡ್ತಿರಿ!"

ಅಣ್ಣನ ಕ್ರಮದಂತೆ ಖಾಲಿ ತೋಟಾಗಳನ್ನು ಹಲಗೆಯ ಕುಳಿಗಳಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ. ಎರಡು ಸಲ ಬೀಳದಿರಲೆಂದು, ಮದ್ದು ಹಾಕಿದ್ದನ್ನಷ್ಟೇ ನೆಟ್ಟಗೆ ಇಡುತ್ತ ಬಂದೆ. ಎಲ್ಲವೂ ನೆಟ್ಟಗಾದವು. ಮಟಮಟ ಮಧ್ಯಾಹ್ನವಾದರೂ ಮೇಜಿಗೆ ಬಿಗಿದಿದ್ದ ತೋಟಾ ಒತ್ತುವ ಯಂತ್ರದ ಹಿಡಿ ಹಿಮದಂತೆ ಕೊರೆಯುತ್ತಿತ್ತು. ಕೈ ಉಜ್ಜಿಕೊಂಡು ತಿರುಗಿದರೆ, ಒಂದು ತೋಟಾ ಮತ್ತೆ ತಲೆಕೆಳಗಾಗಿತ್ತು.

"ಯಾಕೆ ಮುಟ್ಟಿದ್ರಿ?" ಎಂದು ಕಿರುಚಿದೆ.

"ನಾನು ಒಳಗೇ ಬಂದಿಲ್ವಲ್ಲೋ!"

ಎತ್ತಿ ನೋಡಿದೆ, ಖಾಲಿ. ಮೇಜಿನ ಮೇಲೆ ಒಂದು ಕಾಳು ಮದ್ದೂ ಚೆಲ್ಲಿರಲಿಲ್ಲ.

ಪಕ್ಕದ ತೋಟಾದಲ್ಲಿ ಎರಡು ಸಲದ ಮದ್ದು ಕಂಠದವರೆಗೆ ತುಂಬಿತ್ತು.